ಕೊಲೆಗೆ ವಿಚಾರಣೆಯುಂಟು, ಬಾಲ್ಯಕ್ಕಿಲ್ಲ

ಸಿಡ್ನಿ ಶೆಲ್ಡನ್ ಬರೆದದ್ದನ್ನು ಸಾಹಿತ್ಯವೆಂದು ಒಪ್ಪುವವರು ನಮ್ಮ ಓದುಗ ವರ್ಗದಲ್ಲಿ ಕಡಿಮೆ. ಆತನನ್ನು ಓದದೇ ಬೆಳೆದವರು ಇನ್ನೂ ಕಡಿಮೆ. ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಂಡು, ಊರು ತಲುಪುವಷ್ಟರಲ್ಲಿ ಮುಗಿಸಿ, ಮತ್ತೊಬ್ಬರ ಕೈಗೆ ದಾಟಿಸುವ ಪುಸ್ತಕಗಳವು. 2007ರಲ್ಲಿ ತೀರಿಕೊಂಡ ಈ ಅಮೆರಿಕನ್ ಲೇಖಕ ವಿಮರ್ಶಕರ ಮೆಚ್ಚುಗೆಗಾಗಿ ಕಾದು ಕುಳಿತವನಲ್ಲ. ಆದರೂ 1998ರಲ್ಲಿ ಪ್ರಕಟವಾದ ಆತನ ‘ಟೆಲ್ ಮಿ ಯುವರ್ ಡ್ರೀಮ್ಸ್’ ಕಾದಂಬರಿಯನ್ನು ಈಗ ಮತ್ತೆ ಓದಿದರೆ, ಮೊದಲ ಓದಿನ ಧಾವಂತದಲ್ಲಿ ಗಮನಕ್ಕೆ ಬಾರದ ಒಂದು ಸಂಗತಿ ಎದ್ದು ಕಾಣುತ್ತದೆ. ಅದನ್ನು ಹೇಳಲು ಕಥೆಯ ಗುಟ್ಟನ್ನು ಬಿಟ್ಟುಕೊಡದೆ ಗತಿಯಿಲ್ಲ. ಪ್ರಕಟವಾಗಿ ಇಷ್ಟು ವರ್ಷಗಳಾದ ಮೇಲೆ ಅದು ದೊಡ್ಡ ಅಪರಾಧವೇನೂ ಆಗಲಾರದು.

ಕ್ಯಾಲಿಫೋರ್ನಿಯದ ಕ್ಯುಪರ್ಟಿನೊದಲ್ಲಿರುವ ಒಂದು ಕಂಪ್ಯೂಟರ್ ಸಂಸ್ಥೆ. ಅಲ್ಲಿ ಮೂವರು ಯುವತಿಯರು. ಪ್ರಸಿದ್ಧ ಹೃದ್ರೋಗ ಶಸ್ತ್ರಚಿಕಿತ್ಸಕರೊಬ್ಬರ ಮಗಳಾದ ಆಶ್ಲಿ ಪ್ಯಾಟರ್ಸನ್ ಸಂಕೋಚದ ಹುಡುಗಿ; ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಭಯದಲ್ಲಿಯೇ ಬದುಕುವವಳು. ಲಂಡನ್ನಿನ ನೆನಪುಗಳಿರುವ ಟೋನಿ ಪ್ರೆಸ್ಕಾಟ್ ಹಾಡುವವಳು, ನಾಲಗೆ ಹರಿತದವಳು. ರೋಮಿನಲ್ಲಿ ಬೆಳೆದ ಅಲೆಟ್ ಪೀಟರ್ಸ್ ಚಿತ್ರ ಬರೆಯುವವಳು, ಮೃದು ಸ್ವಭಾವದವಳು. ಈ ಮೂವರ ಬದುಕಿನ ಆಸುಪಾಸಿಗೆ ಬಂದ ಗಂಡಸರು ಒಬ್ಬೊಬ್ಬರಾಗಿ, ಒಂದೇ ಬಗೆಯ ಕ್ರೌರ್ಯದಿಂದ ಕೊಲೆಯಾಗುತ್ತಾರೆ. ಆಶ್ಲಿಯ ರಕ್ಷಣೆಗೆಂದು ರಾತ್ರಿ ಆಕೆಯ ಮನೆಯಲ್ಲಿ ಉಳಿದ ಪೊಲೀಸ್ ಅಧಿಕಾರಿಯೂ ಬೆಳಗಾಗುವಷ್ಟರಲ್ಲಿ ಹೆಣವಾಗಿರುತ್ತಾನೆ. ಕೊನೆಗೆ ಬೆರಳಚ್ಚುಗಳು ಒಬ್ಬಳನ್ನೇ ತೋರಿಸುತ್ತವೆ. ಏಕೆಂದರೆ ಇರುವವಳೇ ಒಬ್ಬಳು. ಟೋನಿ, ಅಲೆಟ್ ಇಬ್ಬರೂ ಆಶ್ಲಿಯ ಒಳಗಿನವರು. ಅವರು ಮಾಡಿದ್ದು ಆಶ್ಲಿಗೆ ತಿಳಿದಿಲ್ಲ.

ಇದಿಷ್ಟೂ ಪುಸ್ತಕದ ಮೊದಲ ಭಾಗ. ಎರಡನೆಯದು ನ್ಯಾಯಾಲಯ, ಮೂರನೆಯದು ಆಸ್ಪತ್ರೆ. ಬಂಧನವಾಗುವವರೆಗೆ ಶೆಲ್ಡನ್ ಓದುಗನಿಗೆ ಮೂರು ಹೆಸರು, ಮೂರು ಬಾಲ್ಯ, ಮೂರು ರುಚಿಗಳನ್ನು ಕೊಟ್ಟು ಮೂವರನ್ನು ನಂಬಿಸುತ್ತಾನೆ. ಇದನ್ನು ಕೇವಲ ತಂತ್ರವೆಂದು ತಳ್ಳಿಹಾಕುವಂತಿಲ್ಲ. ಆ ಮನಃಸ್ಥಿತಿಯ ಒಳಗಿನ ಅನುಭವವೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆಂದು ಅದನ್ನು ಅನುಭವಿಸಿದವರು ಹೇಳುತ್ತಾರೆ. ಕಳೆದುಹೋದ ಗಂಟೆಗಳು, ಕೊಂಡ ನೆನಪಿಲ್ಲದ ಬಟ್ಟೆಗಳು, ಹೋದ ನೆನಪಿಲ್ಲದ ಊರು.

ನ್ಯಾಯಾಲಯದ ಭಾಗದಲ್ಲಿ ಚರ್ಚೆಯಾಗುವುದು ಒಂದೇ ಪ್ರಶ್ನೆ: ಇಂಥದೊಂದು ಕಾಯಿಲೆ ಇದೆಯೇ? ಪ್ರಾಸಿಕ್ಯೂಷನ್ ಕಡೆಯ ತಜ್ಞರು ಇಲ್ಲವೆನ್ನುತ್ತಾರೆ, ವಕೀಲ ಡೇವಿಡ್ ಸಿಂಗರ್ ಕಡೆಯವರು ಇದೆಯೆನ್ನುತ್ತಾರೆ. ಈ ವಾಗ್ವಾದ ಶೆಲ್ಡನ್ ಹೊಸೆದದ್ದಲ್ಲ. ಒಹಾಯೊ ರಾಜ್ಯದಲ್ಲಿ 1977ರಲ್ಲಿ ಅತ್ಯಾಚಾರದ ಆರೋಪದ ಮೇಲೆ ಬಂಧಿತನಾದ ಬಿಲ್ಲಿ ಮಿಲಿಗನ್, ಮರುವರ್ಷ ಬಹುವ್ಯಕ್ತಿತ್ವದ ಕಾರಣದಿಂದ ನಿರ್ದೋಷಿಯೆನಿಸಿಕೊಂಡ. ಆತನೊಳಗೆ 24 ಮಂದಿ ಇದ್ದರೆಂದು ಡೇನಿಯಲ್ ಕೀಸ್ 1981ರಲ್ಲಿ ಪುಸ್ತಕವನ್ನೇ ಬರೆದರು. ಮಲತಂದೆ ನಡೆಸಿದ ಚಿತ್ರಹಿಂಸೆಯೇ ಇದಕ್ಕೆ ಮೂಲವೆಂದು ಅದರಲ್ಲಿದೆ. ಆ ಮಲತಂದೆ ಅದನ್ನು ನಿರಾಕರಿಸಿದ್ದರು. ಇದಕ್ಕೆ ವಿರುದ್ಧವಾದದ್ದು ಲಾಸ್ ಏಂಜಲೀಸಿನ ಸರಣಿ ಹಂತಕ ಕೆನೆತ್ ಬಿಯಾಂಕಿಯ ಪ್ರಕರಣ. ತನ್ನೊಳಗಿನ ಇನ್ನೊಬ್ಬ ಕೊಂದನೆಂದು ಆತ ಸಂಮೋಹನದಲ್ಲಿ ಹೇಳಿದಾಗ ಕೆಲವು ವೈದ್ಯರು ನಂಬಿದರು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಆರ್ನ್ ಮಾತ್ರ ಒಂದು ಉಪಾಯ ಹೂಡಿದರು. ನಿಜವಾದ ಪ್ರಕರಣಗಳಲ್ಲಿ ಇಬ್ಬರಷ್ಟೇ ಇರುವುದು ಅಪರೂಪ, ಮೂವರಾದರೂ ಇರುತ್ತಾರೆ ಎಂಬ ಮಾತು ಬಿಯಾಂಕಿಯ ಕಿವಿಗೆ ಬೀಳುವಂತೆ ಮಾಡಿದರು. ಸ್ವಲ್ಪ ಹೊತ್ತಿನಲ್ಲೇ ಮೂರನೆಯವನು ಹಾಜರಾದ! 1979ರಲ್ಲಿ ಬಿಯಾಂಕಿ ತಪ್ಪೊಪ್ಪಿಕೊಂಡ.

ಸಂಶಯಕ್ಕೆ ಇನ್ನೂ ಗಟ್ಟಿಯಾದ ಆಧಾರ ದೊರೆತದ್ದು ‘ಸಿಬಿಲ್’ನಿಂದ. 1973ರಲ್ಲಿ ಬಂದ ಆ ಪುಸ್ತಕ 16 ವ್ಯಕ್ತಿತ್ವಗಳ ಹೆಣ್ಣೊಬ್ಬಳ ಸತ್ಯಕಥೆಯೆಂದು ಲಕ್ಷಾಂತರ ಜನರನ್ನು ತಲುಪಿತು. ಅದುವರೆಗೆ ಅಪರೂಪವಾಗಿದ್ದ ಈ ಕಾಯಿಲೆ ಮುಂದಿನ ಎರಡು ದಶಕಗಳಲ್ಲಿ ಅಮೆರಿಕದಲ್ಲಿ ಸಾವಿರಾರು ಮಂದಿಯಲ್ಲಿ ಪತ್ತೆಯಾಯಿತು. ಆದರೆ ಕಥಾನಾಯಕಿ ಶರ್ಲಿ ಮೇಸನ್, ತನ್ನೊಳಗೆ ಬೇರೆ ಯಾರೂ ಇಲ್ಲವೆಂದು 1958ರಲ್ಲೇ ತನ್ನ ವೈದ್ಯೆಗೆ ಪತ್ರ ಬರೆದಿದ್ದಳೆಂಬುದನ್ನು ಪತ್ರಕರ್ತೆ ಡೆಬಿ ನೇಥನ್ 2011ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ವೈದ್ಯೆ ಆ ಪತ್ರವನ್ನು ಚಿಕಿತ್ಸೆಗೆ ಒಡ್ಡಿದ ಪ್ರತಿರೋಧವೆಂದು ತಳ್ಳಿಹಾಕಿದ್ದರು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಕಾಯಿಲೆಯ ಹೆಸರನ್ನೇ ಬದಲಿಸಿತು. ‘ಬಹುವ್ಯಕ್ತಿತ್ವ’ ಹೋಗಿ ‘ವಿಘಟಿತ ಅಸ್ಮಿತೆ’ ಬಂತು. ಒಳಗೆ ಹಲವರು ಇದ್ದಾರೆ ಎಂಬುದಕ್ಕಿಂತ, ಒಬ್ಬರಾಗಿ ಕೂಡಿಕೊಳ್ಳಲು ಆಗಿಲ್ಲ ಎಂಬುದು ಸತ್ಯಕ್ಕೆ ಹತ್ತಿರವೆಂಬುದು ಈ ಬದಲಾವಣೆಯ ಹಿಂದಿನ ತಿಳಿವಳಿಕೆ. ನಾಲ್ಕು ವರ್ಷದ ನಂತರ ಬರೆದ ಶೆಲ್ಡನ್ ಹಳೆಯ ಹೆಸರನ್ನೇ ಇಟ್ಟುಕೊಂಡ. ಕಾದಂಬರಿಗೆ ಹಲವರೇ ಬೇಕಲ್ಲ.

ಇಷ್ಟೆಲ್ಲ ಸಂಶಯಗಳ ನಡುವೆಯೂ ಒಂದು ಮಾತು ಉಳಿಯುತ್ತದೆ. ಚಿಕ್ಕ ವಯಸ್ಸಿನ ತೀವ್ರ ಆಘಾತ ಮಗುವಿನ ಮನಸ್ಸನ್ನು ಒಡೆಯಬಲ್ಲದು. ಸಹಿಸಲಾಗದ್ದನ್ನು ‘ಇದು ನನಗೆ ಆಗುತ್ತಿಲ್ಲ’ ಎಂದು ದೂರವಿಡುವುದು ಮಗುವಿಗೆ ಉಳಿದಿರುವ ಕೆಲವೇ ದಾರಿಗಳಲ್ಲಿ ಒಂದು. ಆಶ್ಲಿಯ ಪಾಲಿಗೆ ಆ ಆಘಾತ ಮನೆಯೊಳಗಿನದೇ. ಪ್ರಸಿದ್ಧ ಶಸ್ತ್ರಚಿಕಿತ್ಸಕನಾದ ತಂದೆಯೇ ಬಾಲ್ಯದಲ್ಲಿ ಆಕೆಯ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದವನು.

ಈ ಸತ್ಯ ಹೊರಬರುವ ಜಾಗವನ್ನು ಗಮನಿಸಬೇಕು. ಅದು ಬರುವುದು ನ್ಯಾಯಾಲಯದಲ್ಲಿ ಅಲ್ಲ. ವಿಚಾರಣೆ ಮುಗಿದು, ಆಶ್ಲಿ ಕನೆಕ್ಟಿಕಟ್‌ನ ಮಾನಸಿಕ ಆಸ್ಪತ್ರೆ ಸೇರಿ, ವೈದ್ಯರು ಬಹುಕಾಲ ಸಂಮೋಹನ ಚಿಕಿತ್ಸೆ ನಡೆಸಿದ ಮೇಲೆ, ಮುಚ್ಚಿದ ಬಾಗಿಲಿನ ಹಿಂದೆ. ಮಗಳಿಗೆ ವಕೀಲನನ್ನು ಗೊತ್ತು ಮಾಡುವವನೂ ಆ ತಂದೆಯೇ. ಡೇವಿಡ್ ಸಿಂಗರನ ತಾಯಿಯನ್ನು ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಿಂದ ಬದುಕಿಸಿದ ಋಣವನ್ನು ಆತ ಹೀಗೆ ವಸೂಲು ಮಾಡಿಕೊಳ್ಳುತ್ತಾನೆ. ಕೋರ್ಟಿನಲ್ಲಿ ಸಭ್ಯ, ದುಃಖಿತ ತಂದೆಯ ಸ್ಥಾನ ಆತನದು. ಮಗಳು ಕೊಂದಳೇ, ಕೊಂದವಳು ಮಗಳೇ ಹೌದೇ ಎಂದು ದಿನಗಟ್ಟಲೆ ವಾದಿಸುವ ವ್ಯವಸ್ಥೆ, ಆಕೆಯನ್ನು ಒಡೆದವರು ಯಾರು ಎಂಬ ಪ್ರಶ್ನೆಯ ಬೆನ್ನು ಹತ್ತುವುದಿಲ್ಲ. ಸಸ್ಪೆನ್ಸ್ ಕಾದಂಬರಿಗಳ ರಚನೆಯೇ ಹಾಗಿದೆ. ಅಲ್ಲಿ ಮಗುವಿನ ನೋವು ಒಗಟಿನ ಬೀಗಕ್ಕೆ ಕೀಲಿಕೈ. ಬೀಗ ತೆರೆದ ಮೇಲೆ ಕೀಲಿಕೈ ಯಾರಿಗೂ ಬೇಡ. ಹೆಣ ಬಿದ್ದ ಅಪರಾಧವಷ್ಟೇ ಅಲ್ಲಿ ಅಪರಾಧ.

ವ್ಯವಸ್ಥೆ ಕಾದಂಬರಿಯಾಚೆಯೂ ಹೆಚ್ಚು ಭಿನ್ನವಾಗಿಲ್ಲ. ಇಂಗ್ಲೆಂಡಿನ ಪ್ರಧಾನಿಯ ಕಾರ್ಯದರ್ಶಿಯನ್ನು ಕೊಂದ ಮೆಕ್‌ನಾಟನ್ ಪ್ರಕರಣದಿಂದ 1843ರಲ್ಲಿ ರೂಪುಗೊಂಡ ನಿಯಮ ನಮ್ಮ 1860ರ ದಂಡಸಂಹಿತೆಯ 84ನೇ ಕಲಮಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 22ನೇ ಕಲಮು. ಕೃತ್ಯದ ಕ್ಷಣದಲ್ಲಿ ಆರೋಪಿಗೆ ತಾನು ಮಾಡುತ್ತಿರುವುದೇನೆಂಬ ಅರಿವು, ಅದು ತಪ್ಪೆಂಬ ಅರಿವು ಇತ್ತೇ? ಕಾನೂನು ಕೇಳುವುದು ಇಷ್ಟನ್ನೇ. ವೈದ್ಯಕೀಯ ಅಸ್ವಸ್ಥತೆ ಬೇರೆ, ಕಾನೂನಿನ ದೃಷ್ಟಿಯ ಅಸ್ವಸ್ಥತೆ ಬೇರೆ ಎಂದು ನಮ್ಮ ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಅದನ್ನು ತೋರಿಸಿಕೊಡುವ ಹೊಣೆಯೂ ಆರೋಪಿಯದೇ. ಟೋನಿಗೆ ತಾನು ಮಾಡುತ್ತಿರುವುದು ಚೆನ್ನಾಗಿ ಗೊತ್ತಿತ್ತು, ಆಶ್ಲಿಗೆ ಗೊತ್ತಿರಲಿಲ್ಲ ಎಂಬ ವಾದವನ್ನು ನಮ್ಮ ಸೆಷನ್ಸ್ ನ್ಯಾಯಾಧೀಶರೊಬ್ಬರ ಮುಂದಿಟ್ಟರೆ ಏನಾದೀತೆಂದು ಊಹಿಸುವುದು ಕಷ್ಟವೇನಲ್ಲ. ಬೇರು ಹುಡುಕುವ ಕೆಲಸವನ್ನು ಆ ಕಲಮು ಅವರಿಗೆ ವಹಿಸಿಯೂ ಇಲ್ಲ.

ನಮ್ಮಲ್ಲಿ ಒಡೆದ ಮನಸ್ಸಿಗೆ ಬೇರೆ ಭಾಷೆಯೇ ಇತ್ತು. ಮೈಮೇಲೆ ಬರುವುದು, ಗಾಳಿ ಸೋಕುವುದು, ದೆವ್ವ ಹಿಡಿಯುವುದು. ಭಾರತದ ಮನೋವೈದ್ಯರು ಪಶ್ಚಿಮದ ಬಹುವ್ಯಕ್ತಿತ್ವಕ್ಕಿಂತ ಇಂಥ ಆವೇಶದ ಪ್ರಕರಣಗಳನ್ನೇ ಹೆಚ್ಚಾಗಿ ಕಂಡಿದ್ದಾರೆ. 2013ರ ಅಮೆರಿಕನ್ ಕೈಪಿಡಿಯೂ ಆವೇಶದ ಅನುಭವವನ್ನು ವಿಘಟಿತ ಅಸ್ಮಿತೆಯ ಲಕ್ಷಣಗಳೊಳಗೆ ಸೇರಿಸಿತು. ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಕನ್ನಡದಲ್ಲಿ ‘ಆಪ್ತಮಿತ್ರ’ (2004) ಆದಾಗ ನಾಗವಲ್ಲಿಯನ್ನು ಜನ ಒಪ್ಪಿಕೊಂಡದ್ದು ಈ ಪರಿಚಯದ ಬಲದಿಂದಲೇ ಇರಬೇಕು. ಮೈಮೇಲೆ ಬಂದ ಹೆಣ್ಣು, ಎಂದೂ ಆಡಲಾಗದ ಮಾತನ್ನು ಆಡಬಹುದು. ಆದರೆ ಇಳಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ, ಆಡಿದವಳು ಆಕೆಯಲ್ಲವಲ್ಲ!

ಇದನ್ನು ಬೇರೆ ರೀತಿಯಲ್ಲಿಯೂ ಬರೆಯಬಹುದೆಂದು ಕನ್ನಡ ಓದುಗರಿಗೆ ಗೊತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ, ತೀರಿಕೊಂಡರು. ಅವರ ‘ಶರಪಂಜರ’ದ ಕಾವೇರಿಗೆ ಕಾಯಿಲೆ ಗುಣವಾಗುತ್ತದೆ, ಗುಣವಾಗದಿರುವುದು ಆಕೆ ಮರಳಿ ಬಂದ ಮನೆ. ಅಲ್ಲಿ ಕೊಲೆಯಿಲ್ಲ, ಕೋರ್ಟಿಲ್ಲ. ಗಂಡ, ನೆಂಟರು, ಆಳುಕಾಳುಗಳ ನೋಟವೇ ಓದುಗನನ್ನು ಹಿಂಡುತ್ತದೆ. ಶೆಲ್ಡನ್ನನ ಕಥನ ವೇಗ ತ್ರಿವೇಣಿಯವರಿಗಿಲ್ಲ ನಿಜ. ಆದರೆ ರೋಗಿಯನ್ನು ಬಿಟ್ಟು ಮನೆಯತ್ತ ಬೆರಳು ತೋರುವ ಧೈರ್ಯ ಅವರಿಗಿತ್ತು.

ಮನೆಯತ್ತ ನೋಡಲು ಸರ್ಕಾರಕ್ಕೂ ಬಹುಕಾಲ ಬೇಕಾಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿರುವುದಾಗಿ ಹೇಳಿದ್ದರು. ದೌರ್ಜನ್ಯ ನಡೆಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಐದು ವರ್ಷದ ನಂತರ, 2012ರಲ್ಲಿ, ಪೋಕ್ಸೊ ಕಾಯ್ದೆ ಬಂತು. ತಂದೆ, ಬಂಧು, ಪಾಲಕರಿಂದ ನಡೆಯುವ ಕೃತ್ಯವನ್ನು ಅದು ಇನ್ನೂ ಗಂಭೀರವಾದ ಅಪರಾಧವೆಂದು ಗುರುತಿಸಿತು. ಅದರ 19ನೇ ಕಲಮಿನ ಪ್ರಕಾರ, ಅಪರಾಧ ನಡೆದದ್ದು ತಿಳಿದವರಷ್ಟೇ ಅಲ್ಲ, ಇನ್ನು ಮುಂದೆ ನಡೆಯಬಹುದೆಂಬ ಆತಂಕ ಇರುವವರೂ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಬೇಕು. ವೈದ್ಯರಿಗೂ ಇದರಿಂದ ವಿನಾಯಿತಿಯಿಲ್ಲ. ಗೋಪ್ಯತೆಯ ನಂಬಿಕೆಯ ಮೇಲೆ ರೋಗಿಯೊಡನೆ ಮಾತಾಡುವ ಮನೋವೈದ್ಯರಿಗೆ ಇದು ಇಕ್ಕಟ್ಟಿನ ಕಲಮು. ಹೇಳಿದರೆ ಠಾಣೆಗೆ ಹೋದೀತೆಂಬ ಭಯದಲ್ಲಿ ರೋಗಿಗಳು ಬಾಯಿ ತೆರೆಯುವುದಿಲ್ಲವೆಂಬ ಅವರ ದೂರು ಸುಳ್ಳಲ್ಲ.

ಆ ಕಲಮನ್ನು ಮನಸ್ಸಿನಲ್ಲಿಟ್ಟುಕೊಂಡು ಶೆಲ್ಡನ್ನನ ಕೊನೆಯ ಅಧ್ಯಾಯಗಳನ್ನು ಓದಬೇಕು. ಆಶ್ಲಿ ಇನ್ನೂ ಚಿಕಿತ್ಸೆಯಲ್ಲಿರುವಾಗಲೇ, ಆಕೆಯ ತಂದೆ ಮೂರು ವರ್ಷದ ಹೆಣ್ಣು ಮಗುವಿರುವ ಮಹಿಳೆಯೊಬ್ಬರನ್ನು ಮದುವೆಯಾಗಲಿದ್ದಾನೆಂಬ ಸುದ್ದಿ ಪತ್ರಿಕೆಯ ಮೂಲಕ ಆಸ್ಪತ್ರೆಗೆ ತಲುಪುತ್ತದೆ. ಆಶ್ಲಿ ಕೆರಳುತ್ತಾಳೆ. ಕೋಪವನ್ನು ಹೊರಹಾಕಲು, ಕ್ರಮೇಣ ಅದನ್ನು ಆರಿಸಲು ವೈದ್ಯರು ನೆರವಾಗುತ್ತಾರೆ. ಆಕೆ ಶಾಂತಳಾದಾಗ ಗುಣವಾದಳೆಂದು ಬಿಡುಗಡೆ ಮಾಡುತ್ತಾರೆ. ಕೊನೆಯ ಪುಟಗಳಲ್ಲಿ ರೈಲಿನಲ್ಲಿ ಕುಳಿತ ಆಕೆಯೊಳಗೆ ಹಳೆಯ ದನಿಯೊಂದು ಮತ್ತೆ ಕೇಳಿಸುತ್ತದೆ. ಮುಂದಿನ ಕೊಲೆ ಯಾರದಿರಬಹುದೆಂದು ಓದುಗ ಬೆಚ್ಚುತ್ತಾನೆ. ತಂದೆಯ ಕೃತ್ಯ ಆ ಹೊತ್ತಿಗೆ ಆಸ್ಪತ್ರೆಯ ವೈದ್ಯರಿಗೆಲ್ಲ ಗೊತ್ತು. ಮೂರು ವರ್ಷದ ಆ ಮಗುವಿನ ತಾಯಿಗೆ ಫೋನ್ ಮಾಡಬೇಕೆಂದು ಅವರಲ್ಲಿ ಯಾರಿಗೂ ಅನ್ನಿಸುವುದಿಲ್ಲ.