ದರಿಯಾ ದೌಲತ್: ಗೆದ್ದವರು ಉಳಿಸಿದ ಮನೆ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಪೂರ್ವ ದಿಕ್ಕಿಗೆ, ಕಾವೇರಿ ದಂಡೆಯ ತೋಟದಲ್ಲಿರುವ ದರಿಯಾ ದೌಲತ್, ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧವನ್ನು ಮುಗಿಸಿದ ಮಂಗಳೂರು ಒಪ್ಪಂದವೂ ಅದೇ ವರ್ಷದ್ದು. ಹೊರನೋಟಕ್ಕೆ ಇದರಲ್ಲಿ ಅರಮನೆಯ ಆಡಂಬರವಿಲ್ಲ. ಎತ್ತರದ ಜಗಲಿಯ ಮೇಲೆ, ಸುತ್ತಲೂ ಮರದ ಕಂಬಗಳ ಪಡಸಾಲೆಯಿರುವ ಕಟ್ಟಡಕ್ಕೆ ಬಿಸಿಲು ತಾಗದಂತೆ ಹಸಿರು ಪರದೆಗಳನ್ನು ಇಳಿಬಿಟ್ಟಿರುವುದರಿಂದ, ಗೋಡೆಗಳನ್ನು ತುಂಬಿದ ಚಿತ್ರಗಳು ಹತ್ತಿರ ಹೋದ ಮೇಲೆಯೇ ಕಾಣುತ್ತವೆ.

ಪಶ್ಚಿಮದ ಗೋಡೆಯ ಮೇಲೆ, ಟಿಪ್ಪುವೂ ಅವನ ತಂದೆ ಹೈದರ್ ಅಲಿಯೂ ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕದನವಿದೆ. ಕೆಂಪಂಗಿಯ ಸಿಪಾಯಿಗಳು ಚೌಕಾಕಾರದ ವ್ಯೂಹ ಕಟ್ಟಿ ನಿಂತಿರುವ ನಡುವೆ ಗಾಯಗೊಂಡ ಬ್ರಿಟಿಷ್ ಸೇನಾನಿ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದರೆ, ಪಕ್ಕದಲ್ಲೇ ಮದ್ದುಗುಂಡಿನ ಬಂಡಿ ಸಿಡಿಯುತ್ತಿದೆ. ಪೂರ್ವದ ಗೋಡೆಯ ದರ್ಬಾರು ಸಾಲುಗಳಲ್ಲಿ ಚಿತ್ರದುರ್ಗದ ಮದಕರಿ ನಾಯಕನೂ ಸ್ಥಾನ ಪಡೆದಿದ್ದಾನೆ. ಆ ಸಂಸ್ಥಾನವನ್ನು ಕೊನೆಗಾಣಿಸಿದವನು ಹೈದರನೇ ಎಂಬುದನ್ನು ನೆನೆದರೆ ಇದು ಔದಾರ್ಯವೋ ವಿಜಯದ ಲೆಕ್ಕವೋ ಎಂಬ ಸಂಶಯ ಬಾರದಿರದು. ರಾಯದುರ್ಗದ ಪಾಳೆಯಗಾರ ವೆಂಕಟಪತಿ ನಾಯಕನನ್ನು ಟಿಪ್ಪು ಸೆರೆಹಿಡಿದು ಒಯ್ದದ್ದೂ ಈ ಪಟ್ಟಣಕ್ಕೇ ಆದ್ದರಿಂದ, ರಾಯದುರ್ಗದ ಕಡೆಯವರಿಗೆ ಈ ಚಿತ್ರಗಳು ತೀರ ಪರರಾಜ್ಯದ ಕಥೆಯಲ್ಲ.



1799ರಲ್ಲಿ ಪಟ್ಟಣ ಬ್ರಿಟಿಷರ ವಶವಾದ ಮೇಲೆ, ಕೋಟೆಯೊಳಗಿನ ಟಿಪ್ಪುವಿನ ವಾಸದ ಅರಮನೆಯಾದ ಲಾಲ್ ಮಹಲ್ ಕ್ರಮೇಣ ನೆಲಸಮವಾಗಿ, ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ ಚರ್ಚಿನ ಚಾವಣಿಗೆ ಹೋದವು. ದರಿಯಾ ದೌಲತ್ ಉಳಿದದ್ದಕ್ಕೆ ಮುಖ್ಯ ಕಾರಣ, ಪಟ್ಟಣದ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್, ಇದನ್ನೇ ತನ್ನ ಬಿಡಾರ ಮಾಡಿಕೊಂಡದ್ದು. ತನ್ನವರ ಸೋಲಿನ ಚಿತ್ರಕ್ಕೆ ಆತನೇ ಮತ್ತೆ ಬಣ್ಣ ಹಾಕಿಸಿದನು. 19ನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯೂ ಜೀರ್ಣೋದ್ಧಾರಕ್ಕೆ ಆಜ್ಞೆಯಿತ್ತನು. ಆದುದರಿಂದ 1959ರಿಂದ ವಸ್ತುಸಂಗ್ರಹಾಲಯವಾಗಿರುವ ಈ ಮನೆಯ ಗೋಡೆಗಳಲ್ಲಿ ಟಿಪ್ಪುವಿನ ಕಾಲದ ಕುಂಚ ಎಲ್ಲಿ ನಿಂತು ಕಂಪನಿಯ ಕಾಲದ ಕುಂಚ ಎಲ್ಲಿ ತೊಡಗಿತೆಂದು ಬರಿಗಣ್ಣಿಗೆ ಬಿಡಿಸಿ ಹೇಳುವುದು ಸುಲಭವಲ್ಲ.