ಯಾರ್ಕ್‌ಟೌನಿನಲ್ಲಿ ನೆರೆಹೊರೆಯ ಕಾಟ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ, ಕಾರಿನಲ್ಲಿ ಒಂದು ಗಂಟೆಯ ಹಾದಿ. ಯಾರ್ಕ್‌ಟೌನ್ ಹೈಟ್ಸ್‌ನ ಗುಡ್ಡದ ಮೇಲೆ ಕಮಾನಾಗಿ ಬಾಗಿ ನಿಂತ ಗಾಜಿನ ಕಟ್ಟಡವೇ ಐಬಿಎಂನ ಥಾಮಸ್ ಜೆ. ವಾಟ್ಸನ್ ಸಂಶೋಧನಾ ಕೇಂದ್ರ. ಈರೊ ಸಾರಿನೆನ್ ವಿನ್ಯಾಸ, 1961ರದು. ಗಾಜಿನ ಬೆಳಕೆಲ್ಲ ಓಣಿಗೆ ಮೀಸಲು. ಒಳಗಿನ ಕೋಣೆಗಳಿಗೆ ಕಿಟಕಿಯೇ ಇಲ್ಲ. ವಿಜ್ಞಾನಿಗಳ ಮೇಲೆ ಇಷ್ಟೊಂದು ಸಿಟ್ಟೇಕೋ!

ಇಲ್ಲಿ ನೋಡಬೇಕಾದದ್ದು ‘ಕ್ವಾಂಟಮ್ ಸಿಸ್ಟಮ್ ಟೂ’ ಎಂಬ ಕ್ವಾಂಟಮ್ ಕಂಪ್ಯೂಟರ್. 2023ರ ಡಿಸೆಂಬರಿನಲ್ಲಿ ಅನಾವರಣಗೊಂಡಾಗ ಇದರಲ್ಲಿದ್ದದ್ದು ಮೂರು ಹೆರಾನ್ ಚಿಪ್‌ಗಳು, ಒಂದೊಂದರಲ್ಲಿ 133 ಕ್ಯೂಬಿಟ್, ಅಂದರೆ ಕ್ವಾಂಟಮ್ ಲೆಕ್ಕದ ಬಿಟ್. ಆಳೆತ್ತರ ಮೀರಿದ ಲೋಹದ ಮೈಯಷ್ಟೇ ಕಣ್ಣಿಗೆ ಬೀಳುತ್ತದೆ. ಚಿಪ್‌ಗಳು ಒಳಗೆ, ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ನೂರರಲ್ಲೊಂದೆರಡು ಪಾಲು ಮಾತ್ರ ಮೇಲಿರುವ ಚಳಿಯಲ್ಲಿ.

ಇಂಥ ಅತಿವಾಹಕ ಕ್ಯೂಬಿಟ್ಟಿಗೆ ಸುಮಾರು 5 ಗಿಗಾಹರ್ಟ್ಸ್‌ನ ತನ್ನದೇ ಶ್ರುತಿಯಿದೆ. ತಂಬೂರಿಯ ಒಂದು ತಂತಿ ಮೀಟಿದರೆ ಪಕ್ಕದ್ದರ ಶ್ರುತಿ ಜಾರಿತೆನ್ನಿ. ಇಲ್ಲಿ ಆಗುವುದು ಅದೇ. ನೆರೆಯ ಕ್ಯೂಬಿಟ್ ಸೊನ್ನೆಯಲ್ಲಿದ್ದರೆ ಒಂದು ಶ್ರುತಿ, ಒಂದರಲ್ಲಿದ್ದರೆ ಇನ್ನೊಂದು. ವ್ಯತ್ಯಾಸ ಹತ್ತಾರು ಕಿಲೋಹರ್ಟ್ಸ್ ಇದ್ದರೂ ಸಾಕು, ಸುಮ್ಮನೆ ಕುಳಿತಿರುವಾಗಲೂ ಲೆಕ್ಕ ಕೆಡುತ್ತದೆ. ಬಲ್ಲವರು ಇದನ್ನು ‘ಝಡ್‌ಝಡ್’ ಎನ್ನುತ್ತಾರೆ. ಕಾರಣ, ಕ್ಯೂಬಿಟ್ಟಿಗಿರುವುದು ಸೊನ್ನೆ, ಒಂದು ಎಂಬ ಎರಡೇ ಶಕ್ತಿಯ ಮೆಟ್ಟಿಲಲ್ಲ. ಲೆಕ್ಕಕ್ಕೆ ಬಾರದ ಮೂರನೆಯ ಮೆಟ್ಟಿಲು, ಎರಡು ಕ್ಯೂಬಿಟ್‌ಗಳೂ ಒಂದರಲ್ಲಿರುವಾಗಿನ ಶಕ್ತಿಯನ್ನು ಕೊಂಚ ತಳ್ಳಿಬಿಡುತ್ತದೆ. ನೆರೆಹೊರೆಯ ನಂಟನ್ನೇ ಕಡಿಯೋಣವೆಂದರೆ ಎರಡು ಕ್ಯೂಬಿಟ್‌ಗಳ ಲೆಕ್ಕ ನಡೆಯುವುದೇ ಆ ನಂಟಿನಿಂದ.

ಐಬಿಎಂ ಬಹುಕಾಲ ಇದನ್ನು ಉಪಾಯದಿಂದ ಸಂಭಾಳಿಸಿತು. ಒಂದು ಕ್ಯೂಬಿಟ್ಟಿಗೆ ಮೂರಕ್ಕಿಂತ ಹೆಚ್ಚು ನೆರೆಯವರಿರದಂತೆ ಷಟ್ಕೋನದ ಜಾಲ ಹೆಣೆಯಿತು. ಕ್ಯೂಬಿಟ್ಟಿನ ಶ್ರುತಿ ನಿರ್ಧರಿಸುವ ಜೋಸೆಫ್ಸನ್ ಸಂಧಿಗೆ ಲೇಸರ್ ಕಾವು ಕೊಟ್ಟು ಶ್ರುತಿಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ತಿದ್ದಿತು. ಗೂಗಲ್‌ನ ಸಿಕಮೋರ್ ಚಿಪ್ 2019ರಲ್ಲೇ ಬೇರೆ ದಾರಿ ಹಿಡಿದಿತ್ತು: ಎರಡು ಕ್ಯೂಬಿಟ್ ನಡುವೆ ಶ್ರುತಿ ಬದಲಿಸಬಲ್ಲ ಕಪ್ಲರ್. ನೇರ ನಂಟು ಒಂದು, ಕಪ್ಲರ್ ಮೂಲಕ ಬರುವುದು ಇನ್ನೊಂದು. ಕಪ್ಲರನ್ನು ತಕ್ಕ ಶ್ರುತಿಗೆ ತಂದರೆ ಇವೆರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಬೇಕೆಂದಾಗ ಮಾತು, ಬೇಡವೆಂದಾಗ ಮೌನ.

ಹೆರಾನ್‌ನಲ್ಲಿ ಐಬಿಎಂ ಕೂಡ ಕಪ್ಲರಿಗೆ ಒಲಿಯಿತು, ಕ್ಯೂಬಿಟ್‌ಗಳ ಶ್ರುತಿಯನ್ನು ಮಾತ್ರ ಸ್ಥಿರವಾಗಿಟ್ಟುಕೊಂಡು. ತಡವಾಯಿತೆಂದು ಆಡಿಕೊಳ್ಳುವುದು ಸುಲಭ, ಆದರೆ ಆ ಹಿಂಜರಿಕೆ ನನಗೆ ನ್ಯಾಯವೆಂದೇ ಕಾಣುತ್ತದೆ. ಪ್ರತಿ ಕಪ್ಲರಿಗೂ ಹೊರಗಿನ ಬಿಸಿಯಿಂದ ಆ ಚಳಿಯೊಳಕ್ಕೆ ಪ್ರತ್ಯೇಕ ತಂತಿ ಇಳಿಯಬೇಕು. ತಂತಿಯ ಜೊತೆ ಶಾಖವೂ ಗದ್ದಲವೂ ಇಳಿಯುತ್ತವೆ. ತಂತಿಗಳು ಒತ್ತೊತ್ತಾದಂತೆ ಒಂದರ ಸಂಕೇತ ಇನ್ನೊಂದಕ್ಕೆ ಸೋರಬಹುದು, ಅದನ್ನು ತಡೆಯುವ ಕೆಲಸ ಕಪ್ಲರಿನದಲ್ಲ.