ಹಂಚಿನ ಮಾಡಿನಲ್ಲಿ ಸರ್ವಸಮತೆ

ಒಂದು ಆಕೃತಿಯನ್ನು ಎತ್ತಿ ಇನ್ನೊಂದರ ಮೇಲಿಟ್ಟಾಗ ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂಡಿದರೆ ಆ ಎರಡೂ ಸರ್ವಸಮ. ಕಾಗದದಲ್ಲಿ ಬರೆದ ಚಿತ್ರವನ್ನು ಎತ್ತಲಾಗದು. ಹಾಗಾಗಿ ಗಣಿತ ಈ ‘ಎತ್ತಿ ಇಡುವ’ ಕೆಲಸವನ್ನು ಮುಖ್ಯವಾಗಿ ಎರಡು ಚಲನೆಗಳಾಗಿ ಬಿಡಿಸುತ್ತದೆ. ಎಲ್ಲ ಬಿಂದುಗಳನ್ನೂ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಒಯ್ಯುವುದು ಸರಿಸುವಿಕೆ. ಒಂದು ಬಿಂದುವನ್ನು ಕದಲದಂತೆ ಇರಿಸಿ, ಉಳಿದದ್ದನ್ನು ಅದರ ಸುತ್ತ ಒಂದೇ ಕೋನದಷ್ಟು ಒಯ್ಯುವುದು ತಿರುಗಿಸುವಿಕೆ. ಎರಡರಲ್ಲೂ ಉದ್ದವಾಗಲಿ ಕೋನವಾಗಲಿ ಕೆಡುವುದಿಲ್ಲ. ಆದ್ದರಿಂದ ಇವನ್ನು ಎಷ್ಟು ಸಲ ಬೆರೆಸಿದರೂ ಕೊನೆಗೆ ಸಿಗುವುದು ಮೊದಲಿನದಕ್ಕೆ ಸರ್ವಸಮವಾದ ಆಕೃತಿಯೇ.

ಕುಂದಾಪುರ ಸೀಮೆಯ ಕೆರಾಡಿಯಂಥ ಊರಿನಲ್ಲಿ ಇದನ್ನು ಕಾಣಲು ಮಂಗಳೂರು ಹಂಚಿನ ಮಾಡು ಸಾಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ತುಂಬ ಹರಡಿದ ಹಂಚು ಇದು. ಒಂದೇ ಅಚ್ಚಿನಲ್ಲಿ ಒತ್ತಿದ್ದರಿಂದ ಎಲ್ಲವೂ ಒಂದೇ ಅಳತೆ. ರೀಪಿನ ಮೇಲೆ ಒಂದು ಹಂಚನ್ನು ಪಕ್ಕಕ್ಕೆ ಸರಿಸಿದರೆ ಅದು ನೆರೆಯ ಹಂಚಿನ ಜಾಗಕ್ಕೆ ಬರುತ್ತದೆ. ಎದುರು ಇಳಿಜಾರಿನ ಮಾಡಿಗೆ ಒಯ್ಯಬೇಕಾದರೆ ಸರಿಸಿದರಷ್ಟೇ ಸಾಲದು, ಅರ್ಧ ಸುತ್ತು, ಅಂದರೆ 180 ಡಿಗ್ರಿ ತಿರುಗಿಸಬೇಕು. ಹಂಚಿನ ಒಂದು ಬದಿಯಲ್ಲಿ ಗಾಡಿ, ಅಂದರೆ ಉದ್ದನೆಯ ತೋಡು, ಇನ್ನೊಂದು ಬದಿಯಲ್ಲಿ ಅದರೊಳಗೆ ಕೂರುವ ಏಣು ಇರುತ್ತದೆ. ಎರಡು ಮಾಡುಗಳು ಕನ್ನಡಿಯ ಬಿಂಬದಂತೆ ಕಂಡರೂ ಹಂಚುಗಳು ಹಾಗಿಲ್ಲ: ಯಾವ ಮಾಡಿಗೆ ಮುಖ ಮಾಡಿ ನಿಂತರೂ ಗಾಡಿ ಅದೇ ಕೈಯ ಕಡೆಗಿರುತ್ತದೆ. ಎರಡು ಮಾಡಿಗೂ ಒಂದೇ ಅಚ್ಚು ಸಾಲುವುದು ಇದರಿಂದಲೇ. ಹೊದಿಸುವವರಿಗೆ ಇದು ಕೈಗೆ ಗೊತ್ತು, ಸೂತ್ರ ಬೇಕಿಲ್ಲ.

ಶಾಲೆಯಲ್ಲಿ ಬಾಯಿಪಾಠವಾಗುವ ‘ಬಾಹು–ಕೋನ–ಬಾಹು’ ನಿಯಮದ ಬೇರು ಕೂಡ ಈ ಚಲನೆಗಳಲ್ಲೇ ಇದೆ. ಕಖಗ, ಚಛಜ ಎಂಬ ಎರಡು ತ್ರಿಭುಜಗಳಲ್ಲಿ ಕಖ ಮತ್ತು ಚಛ ಸಮ, ಕಗ ಮತ್ತು ಚಜ ಸಮ, ಕ ಮತ್ತು ಚ ಕೋನಗಳೂ ಸಮ ಎಂದಿರಲಿ. ಮೊದಲ ತ್ರಿಭುಜವನ್ನು ಸರಿಸಿ ಕ ಶೃಂಗವನ್ನು ಚ ಮೇಲೆ ತರಬೇಕು. ಬಳಿಕ ಚ ಸುತ್ತ ತಿರುಗಿಸಿ ಕಖ ಬಾಹುವನ್ನು ಚಛ ಮೇಲೆ ಮಲಗಿಸಬೇಕು. ಉದ್ದ ಸಮವಾದ್ದರಿಂದ ಖ ಹೋಗಿ ಛ ಮೇಲೆ ಕೂರುತ್ತದೆ. ಕೋನ ಸಮವಾದ್ದರಿಂದ ಮೂರನೆಯ ಶೃಂಗ ಗ ಒಂದೋ ಜ ಮೇಲೆಯೇ ಬೀಳುತ್ತದೆ, ಇಲ್ಲವೇ ಚಛ ರೇಖೆಯ ಆಚೆ ಬದಿಯಲ್ಲಿ ಜ ಬಿಂದುವಿನ ಪ್ರತಿಬಿಂಬದಲ್ಲಿ ನಿಲ್ಲುತ್ತದೆ. ಎರಡನೆಯದಾದರೆ ತ್ರಿಭುಜವನ್ನು ಒಮ್ಮೆ ಮಗುಚಲೇಬೇಕು. ಎಡಗೈ ಬಲಗೈ ಆಗುವಂಥ ಈ ಬದಲಾವಣೆ ಎಷ್ಟು ತಿರುಗಿಸಿದರೂ ಬಾರದು. ಯೂಕ್ಲಿಡ್ ತನ್ನ ಮೊದಲ ಪುಸ್ತಕದ ನಾಲ್ಕನೆಯ ಪ್ರಮೇಯವನ್ನು ಸಾಧಿಸಿದ್ದೂ ಒಂದರ ಮೇಲೊಂದು ಇಡುವ ಈ ಬಗೆಯಿಂದಲೇ.

ಲೆಕ್ಕದಲ್ಲಿ ನೋಡುವುದಾದರೆ, (1,1), (4,1), (1,3) ಶೃಂಗಗಳ ತ್ರಿಭುಜವನ್ನು ಮೂಲಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರೆ (−1,1), (−1,4), (−3,1) ಸಿಗುತ್ತವೆ. ಅದನ್ನು ಬಲಕ್ಕೆ 8, ಮೇಲಕ್ಕೆ 2 ಸರಿಸಿದರೆ (7,3), (7,6), (5,3). ಲಂಬಕೋನದ ಬಾಹುಗಳು ಮೊದಲೂ 3 ಮತ್ತು 2, ಈಗಲೂ ಅಷ್ಟೇ. ಕ್ರಮ ಬದಲಿಸಿ ಮೊದಲು ಸರಿಸಿ, ಆಮೇಲೆ ತಿರುಗಿಸಿದರೆ ಮೊದಲ ಶೃಂಗ (7,3) ಬದಲು (−3,9)ಕ್ಕೆ ಹೋಗುತ್ತದೆ. ಜಾಗ ಬೇರೆ, ಸರ್ವಸಮತೆಗೆ ಧಕ್ಕೆಯಿಲ್ಲ.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದು. ಮೊದಲು ತಿರುಗಿಸಿ ಆಮೇಲೆ ಸರಿಸಿದ ಮೇಲಿನ ಎರಡು ಹೆಜ್ಜೆಗಳನ್ನು (3,5) ಬಿಂದುವಿನ ಸುತ್ತ ಒಂದೇ 90 ಡಿಗ್ರಿ ತಿರುಗುವಿಕೆಯಿಂದ ಮುಗಿಸಬಹುದು. ಒಂದು ಶೃಂಗವನ್ನೂ ಅದು ಹೋಗಿ ನಿಂತ ಜಾಗವನ್ನೂ ಕೂಡಿಸುವ ರೇಖೆಗೆ ನಡುವಿನಲ್ಲಿ ಲಂಬ ಎಳೆದು, ಇನ್ನೊಂದು ಶೃಂಗಕ್ಕೂ ಹಾಗೆಯೇ ಮಾಡಿದರೆ, ಆ ಲಂಬಗಳು ಕೂಡುವಲ್ಲಿ ಈ ಕೇಂದ್ರ ಸಿಗುತ್ತದೆ. ತಿರುಗಿದ ಒಟ್ಟು ಕೋನ ಸೊನ್ನೆಯಾದಾಗ, ಅಥವಾ ಸುತ್ತು ಪೂರ್ಣವಾದಾಗ, ಮಾತ್ರ ಅಂಥ ಕೇಂದ್ರವಿರದು. ಆಗ ಉಳಿಯುವುದು ಬರೀ ಸರಿಸುವಿಕೆ.